ಮೊಳೆಯಿಲ್ಲದ ಗೋಡೆಗೊಂದು ಬೋರ್ಡು

ಬಾಡಿಗೆ ಮನೆಗೆ ಸಾಮಾನು ಇಳಿಸುವ ದಿನ ಬೀಗದ ಕೈ ಕೊಡುತ್ತಾ ಓನರ್ ಹೇಳುವ ಮಾತು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. "ನೋಡಮ್ಮಾ, ಈಗಷ್ಟೇ ಪೇಂಟ್ ಮಾಡ್ಸಿದ್ದೀವಿ. ಗೋಡೆಗೆ ಮಾತ್ರ ಮೊಳೆ ಹೊಡೀಬೇಡಿ." ನಾವೂ ಹೂಂಗುಟ್ಟುತ್ತೇವೆ. ಬೆಂಗಳೂರಿನಲ್ಲಿ ಅಡ್ವಾನ್ಸ್ ಎಂದರೆ ಹಲವು ತಿಂಗಳ ಬಾಡಿಗೆ. ಮನೆ ಬಿಡುವಾಗ ಅದರಲ್ಲಿ ಎಷ್ಟು ಹಿಡಿದುಕೊಳ್ಳಬೇಕು ಅನ್ನುವುದನ್ನು ಗೋಡೆ ನೋಡಿಯೇ ತೀರ್ಮಾನಿಸುತ್ತಾರೆ. ಆದರೆ ಸಂಸಾರ ಅಂದಮೇಲೆ ಗೋಡೆಗೆ ಏನಾದರೂ ತೂಗುಬೀಳಲೇಬೇಕು. ಅಪ್ಪನ ಮಾತ್ರೆ ಪಟ್ಟಿ, ಮಗಳ ಟೈಮ್‌ಟೇಬಲ್, ಕರೆಂಟ್ ಬಿಲ್ಲು, ಬರುವ ವಾರದ ಮದುವೆಯ ಲಗ್ನಪತ್ರಿಕೆ. ನಮ್ಮ ಮನೆಯಲ್ಲಿ ಇವೆಲ್ಲ ಫ್ರಿಜ್ಜಿನ ತಲೆಯ ಮೇಲೆ ರಾಶಿ ಬೀಳುತ್ತಿದ್ದವು. ಬೇಕಾದ ಚೀಟಿ ಬೇಕಾದಾಗ ಸಿಗುತ್ತಿರಲಿಲ್ಲ.

ಹಾಗಾಗಿ ಎರಡಡಿ ಎತ್ತರ, ಮೂರಡಿ ಅಗಲದ ಒಂದು ಕಾರ್ಕ್ ಬೋರ್ಡು ಕೊಂಡು ತಂದೆ. ಮರದ ಚೌಕಟ್ಟಿನದು, ಎರಡೂವರೆ ಕಿಲೋ ತೂಕ. ನಾಲ್ಕು ಮೂಲೆಗೆ ಡಬಲ್ ಸೈಡ್ ಟೇಪ್ ಹಚ್ಚಿ ಊಟದ ಮನೆಯ ಗೋಡೆಗೆ ಒತ್ತಿದೆ. ಮೂರು ವಾರ ನಿಂತಿತು. ಏಪ್ರಿಲ್‌ನ ಒಂದು ಮಧ್ಯಾಹ್ನ ದಡಾರನೆ ಬಿತ್ತು.

ಬಿದ್ದ ಬೋರ್ಡನ್ನು ತಿರುಗಿಸಿ ನೋಡಿದಾಗ ಕಂಡದ್ದೇ ಈ ಲೇಖನಕ್ಕೆ ಕಾರಣ. ಮೇಲಿನ ಎರಡು ಟೇಪುಗಳ ಮೈಗೆ ಗೋಡೆಯ ಬಣ್ಣ ಹಾಳೆಯಂತೆ ಅಂಟಿತ್ತು, ಅದರ ಹಿಂದೆ ಬಿಳಿ ಪುಟ್ಟಿಯ ಪದರವೂ ಇತ್ತು. ಕೆಳಗಿನ ಎರಡರ ಕಥೆಯೇ ಬೇರೆ. ಅವು ಏನನ್ನೂ ಕಿತ್ತಿರಲಿಲ್ಲ. ಗೋಡೆಯ ಮೇಲೆ ಬೆರಳುದ್ದ ಕೆಳಕ್ಕೆ ಜಾರಿ, ಕಂದು ಅಂಟಿನ ಗೀರು ಬಿಟ್ಟಿದ್ದವು. ಒಂದೇ ಟೇಪ್, ಒಂದೇ ಗೋಡೆ, ಎರಡು ಬಗೆಯ ಸೋಲು.

ಮೊದಲನೆಯದನ್ನು ನೋಡೋಣ. ಗೋಡೆ ಅನ್ನುವುದು ಒಂದೇ ವಸ್ತುವಲ್ಲ. ಒಳಗೆ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕು. ಅದರ ಮೇಲೆ 12 ಮಿಲಿಮೀಟರ್ ಆಸುಪಾಸಿನ ಗಾರೆ. ನುಣುಪಿಗಾಗಿ ಅದರ ಮೇಲೆ ಒಂದೆರಡು ಮಿಲಿಮೀಟರ್ ಪುಟ್ಟಿ, ಆಮೇಲೆ ಪ್ರೈಮರ್, ಕೊನೆಗೆ ಬಣ್ಣ. ನಾವು ಅಂಗಡಿಯಲ್ಲಿ "ಇದಕ್ಕಿಂತ ಗಟ್ಟಿ ಟೇಪ್ ಇದೆಯಾ?" ಎಂದು ಕೇಳುತ್ತೇವೆ. ಟೇಪ್ ಹಿಡಿಯುವುದು ತೀರಾ ಹೊರಗಿನ ಬಣ್ಣದ ಪದರವನ್ನು ಮಾತ್ರ. ಆ ಬಣ್ಣ ಪುಟ್ಟಿಯನ್ನು, ಪುಟ್ಟಿ ಗಾರೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ ಅನ್ನುವುದು ಟೇಪಿನ ಕೈಯಲ್ಲಿಲ್ಲ. ಈ ಸರಪಳಿಯಲ್ಲಿ ಎಲ್ಲಕ್ಕಿಂತ ದುರ್ಬಲವಾದ ಕೊಂಡಿ ಎಲ್ಲಿದೆಯೋ ಅಲ್ಲೇ ಕಿತ್ತುಬರುತ್ತದೆ. ನಮ್ಮ ಮನೆಯಲ್ಲಿ ಅದು ಪುಟ್ಟಿ. ಸಾಮಾನ್ಯ ಪುಟ್ಟಿಯಲ್ಲಿರುವುದು ಬಿಳಿ ಸಿಮೆಂಟು. ಸಿಮೆಂಟು ಗಟ್ಟಿಯಾಗಲು ನೀರು ಬೇಕು. ಒಣಗಿದ ಗಾರೆಯನ್ನು ಮೊದಲು ಒದ್ದೆ ಮಾಡದೆ ಪುಟ್ಟಿ ಎಳೆದುಬಿಟ್ಟರೆ ಗಾರೆ ಆ ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಪುಟ್ಟಿ ಕಲ್ಲಾಗುವ ಬದಲು ಹಿಟ್ಟಾಗಿಯೇ ಉಳಿಯುತ್ತದೆ. ಮೇಲಿನ ಬಣ್ಣದ ಅಂದ ನೋಡಿ ಇದು ಗೊತ್ತಾಗುವುದಿಲ್ಲ.

ಸುಣ್ಣ ಅಥವಾ ಅಗ್ಗದ ಡಿಸ್ಟೆಂಪರ್ ಬಳಿದ ಗೋಡೆಯಾದರೆ ಪರೀಕ್ಷೆ ಸುಲಭ. ಕಪ್ಪು ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ. ಬಟ್ಟೆ ಬೆಳ್ಳಗಾದರೆ ಆ ಗೋಡೆಗೆ ಟೇಪ್ ಹಚ್ಚುವ ಯೋಚನೆಯನ್ನೇ ಬಿಡಿ. ಟೇಪ್ ಆ ಪುಡಿಗೆ ಚೆನ್ನಾಗಿಯೇ ಅಂಟುತ್ತದೆ, ಪುಡಿಯೇ ಗೋಡೆಯನ್ನು ಬಿಟ್ಟುಬರುತ್ತದೆ.

ಎರಡನೆಯ ಸೋಲು ಅಂಟಿನ ಸ್ವಭಾವದ್ದು. ಟೇಪಿನ ಅಂಟು ಪೂರ್ತಿ ಘನವೂ ಅಲ್ಲ, ಪೂರ್ತಿ ದ್ರವವೂ ಅಲ್ಲ. ಹಲಸಿನ ಹಣ್ಣು ಬಿಡಿಸಿದವರಿಗೆ ಇದು ಬೆರಳಿನ ಅನುಭವ. ಮೇಣವನ್ನು ಮೆಲ್ಲಗೆ ಎಳೆದರೆ ದಾರವಾಗಿ ಹರಿಯುತ್ತದೆ, ಥಟ್ಟನೆ ಎಳೆದರೆ ತಡೆದು ನಿಲ್ಲುತ್ತದೆ. ಟೇಪಿನ ಅಂಟಿಗೆ ಈ ಇಬ್ಬಗೆಯ ಗುಣ ಬೇಕೇ ಬೇಕು. ಒತ್ತಿದಾಗ ಅದು ದ್ರವದಂತೆ ಹರಡಿ ಗೋಡೆಯ ಕಣ್ಣಿಗೆ ಕಾಣದ ಏರುತಗ್ಗುಗಳೊಳಗೆ ಇಳಿಯಬೇಕು; ಆಮೇಲೆ ಘನದಂತೆ ತಡೆದು ನಿಲ್ಲಬೇಕು. ಹೀಗೆ ಇಳಿಯಲು ಸಮಯ ಹಿಡಿಯುತ್ತದೆ. ಅದಕ್ಕೇ ಟೇಪ್ ಅಂಟಿಸಿದ ಕೂಡಲೇ ಭಾರ ತೂಗಿಸದೆ ಒಂದು ಗಂಟೆಯಾದರೂ ಕಾಯಬೇಕು. ಆದರೆ ಹರಿಯುವ ಗುಣ ಒತ್ತಿದ ಮೇಲೂ ಹೋಗುವುದಿಲ್ಲ. ಸದಾ ಭಾರ ಎಳೆಯುತ್ತಲೇ ಇದ್ದರೆ ಅಂಟು ದಿನಕ್ಕಿಷ್ಟು ಎಂಬಂತೆ ಜಾರುತ್ತದೆ. ಬೇಸಗೆಯ ಬಿಸಿಗೆ ಮೆತ್ತಗಾಗಿ ಇನ್ನಷ್ಟು ಬೇಗ ಜಾರುತ್ತದೆ. ನನ್ನ ಬೋರ್ಡು ಏಪ್ರಿಲ್‌ವರೆಗೆ ಕಾದದ್ದು ಅದಕ್ಕೇ.

ಇನ್ನೊಂದು ಮುಖ್ಯ ವಿಷಯ, ಎಳೆತದ ದಿಕ್ಕು. ಲಕೋಟೆಗೆ ಅಂಟಿಸಿದ ಸ್ಟಾಂಪನ್ನು ಬೆರಳಿಂದ ಒತ್ತಿ ಪಕ್ಕಕ್ಕೆ ಜಾರಿಸಲು ನೋಡಿ, ಅಲ್ಲಾಡುವುದಿಲ್ಲ. ಮೂಲೆಯಲ್ಲಿ ಉಗುರು ತೂರಿಸಿ ಎತ್ತಿದರೆ ಸುಲಿದು ಬರುತ್ತದೆ. ಜಾರಿಸುವಾಗ ಇಡೀ ಸ್ಟಾಂಪಿನ ಅಂಟೆಲ್ಲ ಸೇರಿ ತಡೆಯುತ್ತದೆ. ಸುಲಿಯುವಾಗ ತಡೆಯುವುದು ಆ ಕ್ಷಣಕ್ಕೆ ಬಿಡುತ್ತಿರುವ ಕೂದಲೆಳೆಯಷ್ಟು ಅಗಲದ ಗೆರೆ ಮಾತ್ರ. ಗೋಡೆಗೆ ಒತ್ತಿ ನಿಂತ ಬೋರ್ಡಿನ ತೂಕ ಬಹುಪಾಲು ಜಾರಿಸುವ ದಿಕ್ಕಿನಲ್ಲೇ ಇರುತ್ತದೆ, ಅದು ಒಳ್ಳೆಯದು. ಆದರೆ ಬೋರ್ಡು ದಪ್ಪವಾದಷ್ಟೂ ಅದರ ಭಾರ ಗೋಡೆಯಿಂದ ಆಚೆ ಸರಿಯುತ್ತದೆ, ಮೇಲಂಚು ಮುಂದಕ್ಕೆ ವಾಲಲು ನೋಡುತ್ತದೆ. ಅಲ್ಲಿಂದ ಸುಲಿತ ಶುರು. ದಪ್ಪ ಚೌಕಟ್ಟಿನ ಬೋರ್ಡಿನ ಮೇಲಿನ ಟೇಪುಗಳು ಪುಟ್ಟಿ ಕಿತ್ತದ್ದೂ, ಕೆಳಗಿನವು ಬರೀ ಜಾರಿದ್ದೂ ಹೀಗೆ.

ಅದೇ ಗೋಡೆಯ ಮೇಲೆ, ಟ್ಯೂಬ್‌ಲೈಟಿನ ಪಕ್ಕ, ಈ ದಿಕ್ಕಿನ ವಿದ್ಯೆಯನ್ನು ಅರಗಿಸಿಕೊಂಡ ಜೀವವೊಂದು ರಾತ್ರಿಯಿಡೀ ಓಡಾಡುತ್ತದೆ. ಹಲ್ಲಿಯ ಕಾಲಲ್ಲಿ ಅಂಟಿಲ್ಲ. ಟೋಕೇ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಸುಮಾರು 5 ಲಕ್ಷ ಸೂಕ್ಷ್ಮ ಕೂದಲುಗಳಿವೆ. ಪ್ರತಿ ಕೂದಲಿನ ತುದಿಯೂ ನೂರಾರು ಕವಲಾಗಿ ಒಡೆದಿದೆ. ವಿಜ್ಞಾನಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು ಅಂಥ ಒಂದೇ ಒಂದು ಕೂದಲಿನ ಹಿಡಿತವನ್ನು ಅಳೆದು 2000ದಲ್ಲಿ ಪ್ರಕಟಿಸಿದರು. ಅಣುಗಳು ತೀರಾ ಹತ್ತಿರ ಬಂದಾಗ ಒಂದನ್ನೊಂದು ಸೆಳೆಯುವ ವ್ಯಾನ್ ಡರ್ ವಾಲ್ಸ್ ಬಲವೇ ಇದಕ್ಕೆ ಕಾರಣ ಎಂಬುದಕ್ಕೆ 2002ರಲ್ಲಿ ಪುರಾವೆ ಕೊಟ್ಟರು. ನನಗೆ ಇದಕ್ಕಿಂತ ಸೊಗಸಾಗಿ ಕಂಡದ್ದು ಹಲ್ಲಿ ಕಾಲು ಬಿಡಿಸಿಕೊಳ್ಳುವ ರೀತಿ. ಕೂದಲನ್ನು ಗೋಡೆಯ ಉದ್ದಕ್ಕೆ ಎಳೆದರೆ ಹಿಡಿತ. ಗೋಡೆಗೂ ಕೂದಲಿಗೂ ನಡುವಿನ ಕೋನ ಸುಮಾರು 30 ಡಿಗ್ರಿ ದಾಟಿದರೆ ತಾನಾಗಿ ಬಿಡುಗಡೆ. ಹಿಡಿಯುವುದೂ ಬಿಡುವುದೂ ಕೋನದ ಲೆಕ್ಕ. ಬಣ್ಣಕ್ಕೆ ಒಂದು ಚುಕ್ಕಿಯೂ ಗಾಯವಿಲ್ಲ.

ಇಷ್ಟು ತಿಳಿದ ಮೇಲೆ ಎರಡನೆಯ ಬೋರ್ಡನ್ನು ನಾನೇ ಮಾಡಿದೆ. ಬೇಕಾದದ್ದು ಎರಡೇ ಗುಣ: ಹಗುರವಾಗಿರಬೇಕು, ತೆಳ್ಳಗಿರಬೇಕು. ಥರ್ಮೋಕೋಲ್ ಹಗುರ ನಿಜ, ಅದರ ಗಾತ್ರದಲ್ಲಿ ನೂರಕ್ಕೆ 98 ಪಾಲು ಗಾಳಿಯೇ. ಆದರೆ ಗುಂಡುಸೂಜಿ ಚುಚ್ಚಿದ ಜಾಗ ಮತ್ತೆ ಕೂಡಿಕೊಳ್ಳುವುದಿಲ್ಲ, ಉದುರಿದ ಮಣಿಗಳು ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ. ಅಲಂಕಾರಕ್ಕೆ ಬಳಸುವ ಥರ್ಮೋಕೋಲನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಿದ್ದಾರೆ. ನಾನು ಆರಿಸಿಕೊಂಡದ್ದು ರಟ್ಟು. ಗುಜರಿ ಅಂಗಡಿಯಲ್ಲಿ ವಾಷಿಂಗ್ ಮೆಷಿನ್ನಿನ ಪೆಟ್ಟಿಗೆಯೊಂದು ಸಿಕ್ಕಿತು.

ರಟ್ಟಿನ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಎರಡು ಚಪ್ಪಟೆ ಕಾಗದಗಳ ನಡುವೆ ಅಲೆಅಲೆಯಾದ ಇನ್ನೊಂದು ಕಾಗದ. ಈ ಅಲೆಗಳ ಸಾಲಿನ ಉದ್ದಕ್ಕೆ ರಟ್ಟು ಬಾಗುವುದಿಲ್ಲ. ಸಾಲಿಗೆ ಅಡ್ಡವಾಗಿ ಸುಲಭವಾಗಿ ಮಡಚಿಕೊಳ್ಳುತ್ತದೆ. ಆದ್ದರಿಂದ ಒಂದರ ಸಾಲು ಉದ್ದಕ್ಕೆ, ಮುಂದಿನದರ ಸಾಲು ಅಡ್ಡಕ್ಕೆ ಬರುವಂತೆ ಪದರ ಜೋಡಿಸಬೇಕು. ಪದರ ಮೂರಿರಬೇಕು, ಎರಡು ಸಾಲದು. ಕಾಗದದ ನಾರು ತೇವ ಕುಡಿದಾಗ ಉದ್ದಕ್ಕಿಂತ ಅಗಲಕ್ಕೆ ಹೆಚ್ಚು ಉಬ್ಬುತ್ತದೆ. ಎರಡೇ ಪದರವಿದ್ದರೆ ಒಂದು ಈ ಕಡೆ, ಇನ್ನೊಂದು ಆ ಕಡೆ ಹಿಗ್ಗಿ ಬೋರ್ಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಮೂರಿದ್ದರೆ ಹೊರಗಿನ ಎರಡೂ ಒಂದೇ ಬಗೆಯಲ್ಲಿ ಹಿಗ್ಗಿ ಪರಸ್ಪರ ಸರಿದೂಗಿಸಿಕೊಳ್ಳುತ್ತವೆ. ಪ್ಲೈವುಡ್‌ನಲ್ಲಿ ಪದರಗಳು ಸಾಮಾನ್ಯವಾಗಿ ಮೂರು, ಐದು, ಏಳು ಎಂದು ಬೆಸಸಂಖ್ಯೆಯಲ್ಲಿ ಇರುವುದಕ್ಕೂ ಇದೇ ಕಾರಣ.

ಅಂಟಿಗೆ ಮೈದಾ ಸಾಕು. ಅರ್ಧ ಲೋಟ ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಟ್ಟು ಮೂರು ಲೋಟ ನೀರಾಗುವಂತೆ ಸೇರಿಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಕಾಯಿಸಬೇಕು. ರಾಗಿ ಗಂಜಿ ಕಾಯಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹಾಲಿನಂತಿದ್ದದ್ದು 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಇದ್ದಕ್ಕಿದ್ದಂತೆ ಮಂದವಾಗಿ ಹೊಳೆಯತೊಡಗುತ್ತದೆ. ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಒಳಗಿನ ಉದ್ದುದ್ದ ಅಣುಗಳು ಹೊರಬಂದಿರುತ್ತವೆ. ಪಿಷ್ಟವೂ ಗ್ಲೂಕೋಸ್ ಕೊಂಡಿಗಳ ಸರಪಳಿ, ಕಾಗದದ ನಾರಾದ ಸೆಲ್ಯುಲೋಸೂ ಗ್ಲೂಕೋಸ್ ಕೊಂಡಿಗಳ ಸರಪಳಿ. ನೀರು ಆರಿಹೋದಂತೆ ಈ ದಾಯಾದಿಗಳು ಒಂದನ್ನೊಂದು ತಬ್ಬಿಕೊಳ್ಳುತ್ತವೆ. ಪೆಟ್ಟಿಗೆ ಕಾರ್ಖಾನೆಗಳಲ್ಲಿ ಆ ಅಲೆ ಕಾಗದವನ್ನು ಅಂಟಿಸುವುದೂ ಪಿಷ್ಟದ ಅಂಟಿನಿಂದಲೇ. ಬೈಂಡಿಂಗ್ ಕೆಲಸದವರು ಜಿರಲೆ, ಹುಳಗಳಿಗೆ ಹೆದರಿ ಇದಕ್ಕೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೆಂದು ನಾನು ಬೆರೆಸಲಿಲ್ಲ. ಅದರ ಬದಲು, ಪದರಗಳನ್ನು ಅಂಟಿಸಿ ಹಳೆಯ ಪುಸ್ತಕಗಳ ಭಾರ ಹೇರಿ ಎರಡು ದಿನ ಇಟ್ಟೆ, ಆಮೇಲೆ ಒಂದು ದಿನ ಬಿಸಿಲಿಗೆ ಒಡ್ಡಿ ಪೂರ್ತಿ ಒಣಗಿಸಿದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ಮೇಲೆ ಹೊದಿಸಿದ್ದು ಅಮ್ಮನ ಹಳೆಯ ಹತ್ತಿ ಸೀರೆ. ಮುಂಭಾಗಕ್ಕೆ ಅಂಟು ಹಚ್ಚದೆ, ಬಿಗಿಯಾಗಿ ಎಳೆದು ಹಿಂದೆ ಮಡಚಿ ಅಲ್ಲಿ ಮಾತ್ರ ಅಂಟಿಸಿದೆ. ಗುಂಡುಸೂಜಿ ಚುಚ್ಚಿದಾಗ ನೇಯ್ಗೆಯ ಎಳೆಗಳು ತುಂಡಾಗುವುದಿಲ್ಲ, ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ. ಸೂಜಿ ಕಿತ್ತ ಮೇಲೆ ಉಗುರಿನಿಂದ ಒಮ್ಮೆ ಕೆರೆದರೆ ರಂಧ್ರ ಮಾಯ. ಮುಂಭಾಗಕ್ಕೂ ಅಂಟು ಬಳಿದಿದ್ದರೆ ಎಳೆಗಳಿಗೆ ಸರಿಯಲು ಎಡೆಯೇ ಇರುತ್ತಿರಲಿಲ್ಲ. ಕಾರ್ಕಿನಲ್ಲಿ ಈ ಕೆಲಸವನ್ನು ಅದರ ಗಾಳಿ ತುಂಬಿದ ಕೋಶಗಳು ಮಾಡುತ್ತವೆ. ವಿಜ್ಞಾನಿ ರಾಬರ್ಟ್ ಹುಕ್ 1665ರ ತನ್ನ 'ಮೈಕ್ರೋಗ್ರಾಫಿಯಾ'ದಲ್ಲಿ ಬರೆದದ್ದು ಅವನ್ನು ಕುರಿತೇ. ಕಾರ್ಕಿನ ತೆಳು ಸೀಳನ್ನು ಸೂಕ್ಷ್ಮದರ್ಶಕದಡಿ ನೋಡಿ, ಒಂದು ಘನ ಅಂಗುಲದಲ್ಲಿ 120 ಕೋಟಿಗೂ ಹೆಚ್ಚು ಗೂಡುಗಳಿವೆ ಎಂದು ಲೆಕ್ಕ ಹಾಕಿದ. ಜೀವಕೋಶಕ್ಕೆ ಇಂಗ್ಲಿಷಿನಲ್ಲಿ ಇರುವ 'ಸೆಲ್' ಎಂಬ ಹೆಸರು ನನ್ನ ಮೊದಲ ಬೋರ್ಡಿನ ವಸ್ತುವಿನಿಂದಲೇ ಬಂತು.

ಮುಗಿದ ಬೋರ್ಡಿನ ತೂಕ ಒಂದೂಕಾಲು ಕಿಲೋ, ದಪ್ಪ 12 ಮಿಲಿಮೀಟರ್. ಲೆಕ್ಕ ಹಾಕಿದರೆ, ಅದರ ಮೇಲಂಚು ಗೋಡೆಯಿಂದ ಹೊರಕ್ಕೆ ವಾಲಲು ಎಳೆಯುವ ಬಲ ಹನ್ನೆರಡು, ಹದಿಮೂರು ಗ್ರಾಂ ತೂಕದಷ್ಟೇ. ಸೂಜಿ ಕೀಳುವಾಗ ನಮ್ಮ ಕೈ ಅದರ ಹತ್ತಾರು ಪಟ್ಟು ಎಳೆಯುತ್ತದೆ. ಅದಕ್ಕೇ ಒಂದು ಕೈಯಲ್ಲಿ ಬೋರ್ಡನ್ನು ಗೋಡೆಗೆ ಒತ್ತಿ ಹಿಡಿದು ಇನ್ನೊಂದರಲ್ಲಿ ಸೂಜಿ ಕೀಳಬೇಕೆಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ತೂಗುಹಾಕಲು ಮೊದಲು ಹುಡುಕಬೇಕಾದದ್ದು ಹಿಂದಿನ ಬಾಡಿಗೆದಾರರು ಕ್ಯಾಲೆಂಡರಿಗೆಂದು ಹೊಡೆದು ಬಿಟ್ಟುಹೋದ ಮೊಳೆ. ಬಹಳ ಮನೆಗಳಲ್ಲಿ ಒಂದಾದರೂ ಇರುತ್ತದೆ. ಇದ್ದರೆ ದಾರ ಕಟ್ಟಿ ತೂಗುಹಾಕಿ, ಆದರೆ ದಾರ ತೀರಾ ಬಿಗಿ ಬೇಡ. ದಾರದ ಎರಡೂ ಬದಿ ಬೋರ್ಡಿನ ಮೇಲಂಚಿಗೆ 30 ಡಿಗ್ರಿ ಕೋನದಲ್ಲಿದ್ದರೆ ಪ್ರತಿ ಬದಿಯ ಎಳೆತ ಬೋರ್ಡಿನ ತೂಕದಷ್ಟೇ, ಅಂದರೆ ಒಂದೂಕಾಲು ಕಿಲೋ. ಬಿಗಿ ಮಾಡಿ 10 ಡಿಗ್ರಿಗೆ ತಂದರೆ ಅದೇ ಬೋರ್ಡಿಗೆ ಎಳೆತ ಮೂರೂವರೆ ಕಿಲೋ ದಾಟುತ್ತದೆ. ಮೊಳೆಯ ಮೇಲಿನ ಭಾರ ಬದಲಾಗದು. ಹರಿಯುವುದು ರಟ್ಟಿನ ತೂತು. ಮೇಲಂಚಿನ ಪದರಗಳ ನಡುವೆ ಹಳೆಯ ಮರದ ಸ್ಕೇಲೊಂದನ್ನು ಸೇರಿಸಿ ಅದಕ್ಕೇ ದಾರ ಸುತ್ತಿ.

ಮೊಳೆ ಇಲ್ಲದ ಕೋಣೆಗೆ, ಗೋಡೆ ಕಪ್ಪು ಬಟ್ಟೆಯ ಪರೀಕ್ಷೆಯಲ್ಲಿ ಪಾಸಾದರೆ, ಕಮಾಂಡ್ ಸ್ಟ್ರಿಪ್‌ನಂಥ ಎಳೆದು ಬಿಡಿಸುವ ಪಟ್ಟಿಗಳಿವೆ. ಖರ್ಚೆಲ್ಲ ಇವಕ್ಕೇ, ಉಳಿದದ್ದಕ್ಕೆ ನನಗೆ ಐವತ್ತು ರೂಪಾಯಿ ದಾಟಲಿಲ್ಲ. ಇವುಗಳ ಬಾಲ ಹಿಡಿದು ಗೋಡೆಗೆ ಸಮಾನಾಂತರವಾಗಿ ಮೆಲ್ಲಗೆ ಕೆಳಕ್ಕೆ ಎಳೆದರೆ ಪಟ್ಟಿ ರಬ್ಬರಿನಂತೆ ಹಿಗ್ಗುತ್ತದೆ. ಉದ್ದವಾದಷ್ಟೂ ತೆಳ್ಳಗಾಗಿ ಕೆಳತುದಿಯಿಂದ ಒಂದೊಂದೇ ಗೆರೆಯಾಗಿ ಗೋಡೆಯನ್ನು ಬಿಡುತ್ತದೆ. ಬಣ್ಣವನ್ನು ಹೊರಕ್ಕೆ ಕೀಳುವ ಎಳೆತ ಹೆಚ್ಚುಕಡಿಮೆ ಇರುವುದೇ ಇಲ್ಲ. ಬಾಲವನ್ನು ನಮ್ಮ ಕಡೆಗೆ ಎಳೆದರೋ, ಕೆಲಸ ಕೆಟ್ಟಂತೆ. ಮಾಮೂಲಿ ಟೇಪ್ ಬಿಡಿಸುವಾಗಲೂ ಅವಸರ ಬೇಡ. ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ತುದಿಯನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ, ಗೋಡೆಗೆ ಒತ್ತಿದಂತೆ ನಿಧಾನವಾಗಿ ಎಳೆಯಬೇಕು. ಹಲಸಿನ ಮೇಣದ ಲೆಕ್ಕವೇ ಇಲ್ಲಿಯೂ: ನಿಧಾನಕ್ಕೆ ಎಳೆದರೆ ಅಂಟು ಹರಿದು ಸಡಿಲುತ್ತದೆ, ಥಟ್ಟನೆ ಎಳೆದರೆ ಬಿಗಿದು ಬಣ್ಣವನ್ನೇ ಕರೆತರುತ್ತದೆ.

ಎರಡು ವರ್ಷದ ಮೇಲೆ ಆ ಮನೆ ಬಿಡುವಾಗ ಬೋರ್ಡಿನ ಪಟ್ಟಿಗಳನ್ನು ಹಾಗೆಯೇ ಬಿಡಿಸಿದೆ. ಅಲ್ಲಿ ಗಾಯವಾಗಿರಲಿಲ್ಲ. ಆದರೆ ಬೋರ್ಡಿದ್ದ ಜಾಗದಲ್ಲಿ ಎರಡಡಿ, ಮೂರಡಿಯ ಒಂದು ಆಯತ ಸುತ್ತಲಿನ ಗೋಡೆಗಿಂತ ಬೆಳ್ಳಗೆ ಕಾಣುತ್ತಿತ್ತು. ಒಗ್ಗರಣೆಯ ಹೊಗೆ, ರಸ್ತೆಯ ಧೂಳು ಬೋರ್ಡಿನ ಹಿಂದೆ ಹೋಗಿರಲಿಲ್ಲ. ಬೀಗದ ಕೈ ಇಸಿದುಕೊಳ್ಳಲು ಬಂದ ಓನರ್ ಆಂಟಿ ಅದರ ಮೇಲೆ ಅಂಗೈ ಆಡಿಸಿ ನೋಡಿದರು. "ಬಣ್ಣ ಇಷ್ಟು ಚೆನ್ನಾಗಿತ್ತಲ್ಲಮ್ಮಾ" ಅಂದರು.