ಕಿವಿ ತೆರೆದರೆ ನುಡಿ ಅರಳುವುದು

ಆಲಿಸುವುದರ ಬೆಲೆಯನ್ನು ವಿಜಯಪುರದ ಭಕ್ತರಿಗೆ ಹೇಳಿಕೊಡಬೇಕಿಲ್ಲ. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಜನಿಸಿ, ಜ್ಞಾನಯೋಗಾಶ್ರಮವನ್ನು ಬೆಳಗಿದ ಪೂಜ್ಯ ಶ್ರೀ ಸಿದ್ಧೇಶ್ವರ ಮಹಾಸ್ವಾಮಿಗಳ ಪ್ರವಚನವನ್ನು ಸಾವಿರಾರು ಜನ ಮೌನವಾಗಿ ಆಲಿಸುತ್ತಿದ್ದುದನ್ನು ನಾವು ಕಂಡಿದ್ದೇವೆ. ಆ ಗುಣದ ಮೊದಲ ಪಾಠ ತೊಟ್ಟಿಲಲ್ಲಿಯೇ ಆಗುತ್ತದೆ.

ಗರ್ಭದಲ್ಲಿರುವಾಗಲೇ ಶಿಶು ತಾಯಿಯ ದನಿ ಕೇಳುತ್ತದೆ. ಹುಟ್ಟಿದ ಮೇಲೆ ಕೇಳಿದ ಮಾತೇ ಅದರ ನುಡಿಗೆ ಬೀಜ. ಆದ್ದರಿಂದ ರೊಟ್ಟಿ ಬಡಿಯುವಾಗ, ಎರೆಯುವಾಗ, ಬಬಲೇಶ್ವರದ ಹೊಲ-ತೋಟಗಳಲ್ಲಿ ಎತ್ತಿಕೊಂಡು ನಡೆಯುವಾಗ ಕಂಡದ್ದನ್ನೆಲ್ಲ ಹೆಸರಿಟ್ಟು ಹೇಳೋಣ. ಮಗು ತೊದಲಿದರೆ ಮರುನುಡಿದು, ಅದರ ಉತ್ತರಕ್ಕಾಗಿ ತುಸು ಕಾಯೋಣ. ಮೊಬೈಲ್ ಹಾಡಬಲ್ಲದು, ಮಗುವಿನ ತೊದಲಿಗೆ ಕಿವಿಗೊಡಲಾರದು.

ಜೋರಾದ ಸಪ್ಪಳಕ್ಕೂ ಬೆಚ್ಚದ, 6 ತಿಂಗಳಾದರೂ ದನಿಯತ್ತ ತಿರುಗದ, ವರ್ಷ ತುಂಬಿದರೂ ಹೆಸರಿಗೆ ಓಗೊಡದ ಮಗುವಿದ್ದರೆ 'ತಡವಾಗಿ ಮಾತಾಡೀತು' ಎಂದು ಕಾಯುವುದು ಸಲ್ಲದು. 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ದೋಷದ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ: ಇದು ತಜ್ಞರು ಒಪ್ಪಿದ ಕ್ರಮ. ಆ ಅವಧಿ ದಾಟಿದ್ದರೂ ಇಂದೇ ತೋರಿಸುವುದು ಲೇಸು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟುಕಿವುಡುತನದ ತಪಾಸಣೆಯೂ ಸೇರಿದೆ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯರನ್ನು ಕೇಳಿ, ವಿಜಯಪುರದ ಜಿಲ್ಲಾಸ್ಪತ್ರೆಗೆ ಕರೆದೊಯ್ಯಬಹುದು.

ಕಿವುಡುತನ ಕರ್ಮಫಲವಲ್ಲ, ಮನೆತನಕ್ಕೆ ಕುಂದೂ ಅಲ್ಲ. ಶ್ರವಣ ಸಾಧನದಿಂದಲೋ ಸಂಜ್ಞಾಭಾಷೆಯಿಂದಲೋ ಆ ಮಗುವೂ ನಮ್ಮೊಡನೆ ಮಾತಾಡಬಲ್ಲದು. ಅದನ್ನು ಮರೆಮಾಚದೆ, ವೇಳೆ ಮೀರದಂತೆ ವೈದ್ಯರ ಬಳಿಗೆ ಕರೆದೊಯ್ಯುವುದು ಹೆತ್ತವರ ಮೊದಲ ಕಾಯಕವೆಂದು ನಾವು ಭಾವಿಸುತ್ತೇವೆ.