ಯಡಹಳ್ಳಿ: ಕಾಣದ ಚಿಂಕಾರಕ್ಕೂ ಲೆಕ್ಕವಿದೆ

ಬಾಗಲಕೋಟೆ ಜಿಲ್ಲೆಗೆ ಬಂದವರು ಬಾದಾಮಿಯ ಗುಹೆ ನೋಡಿ, ಹುನಗುಂದದ ಕಡೆ ಕೂಡಲಸಂಗಮಕ್ಕೆ ಕೈಮುಗಿದು, ಇಳಕಲ್ ಸೀರೆ ಕಟ್ಟಿಸಿಕೊಂಡು ಹೊರಡುತ್ತಾರೆ. ಬೀಳಗಿ–ಮುಧೋಳ ತಾಲ್ಲೂಕುಗಳ ಕುರುಚಲು ಗುಡ್ಡಗಳ ದಾರಿ ಹಿಡಿಯುವವರು ಅಪರೂಪ. ಅಲ್ಲೇ ಇದೆ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮ. 2016ರಲ್ಲಿ ಘೋಷಣೆಯಾದದ್ದು, ಸುಮಾರು 96 ಚದರ ಕಿ.ಮೀ.

ಕಾಡೆಂದರೆ ದಟ್ಟ ಹಸಿರು ಎಂದುಕೊಂಡವರಿಗೆ ಇದು ಬರೀ ಪಾಳು ಭೂಮಿ. ಚಿಂಕಾರಕ್ಕೆ ಬೇಕಾದದ್ದೇ ಈ ಬಯಲು. ಎಲೆ, ಇಬ್ಬನಿಯ ತೇವದಲ್ಲೇ ದಿನಗಟ್ಟಲೆ ಬದುಕಬಲ್ಲ ಪುಟ್ಟ ಹುಲ್ಲೆ ಅದು. ತೋಳ, ಕತ್ತೆಕಿರುಬಗಳೂ ಇಲ್ಲಿವೆ.

ಇಷ್ಟು ನಾಚಿಕೆಯ ಜೀವಿ ಎಲ್ಲೆಲ್ಲಿದೆ ಎಂದು ತಿಳಿಯುವುದು ಹೇಗೆ? ಪ್ರಾಣಿ ಹಾದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನಿಂದ. ಅದರ ಲೆಕ್ಕಾಚಾರಕ್ಕೆ ದಾರಿ ತೋರಿದ್ದು ಕರ್ನಾಟಕವೇ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಹುಲಿಯ ಪಟ್ಟೆಗಳಿಂದ ಒಂದೊಂದನ್ನೂ ಗುರುತಿಸಿ, ಮತ್ತೆ ಮತ್ತೆ ಸಿಕ್ಕ ಚಿತ್ರಗಳಿಂದ ಸಂಖ್ಯೆ ಅಂದಾಜಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಪಟ್ಟೆಯಿರುವ ಕತ್ತೆಕಿರುಬಕ್ಕೂ ಅದು ಒಗ್ಗುತ್ತದೆ. ಚಿಂಕಾರದ ಮೈಮೇಲೆ ಅಂಥ ಗುರುತಿಲ್ಲ, ಒಂದರಂತೆ ಇನ್ನೊಂದು. ಅದಕ್ಕೆ ಸಂಖ್ಯಾಶಾಸ್ತ್ರಜ್ಞ ಡ್ಯಾರಿಲ್ ಮೆಕೆಂಝಿ ಮತ್ತು ಸಂಗಡಿಗರು 2002ರಲ್ಲಿ ಮುಂದಿಟ್ಟ ನೆಲೆ-ಅಂದಾಜಿನ ಮಾದರಿ ಬೇಕು. ಅಲ್ಲಿ ಪ್ರಶ್ನೆ ‘ಎಷ್ಟಿವೆ’ ಎಂದಲ್ಲ, ‘ಎಷ್ಟು ಕಡೆ ಇವೆ’ ಎಂದು.

ಒಂದು ಊಹೆಯ ಲೆಕ್ಕ. 40 ಕಡೆ ಐದು ದಿನ ಕ್ಯಾಮೆರಾ ಕಟ್ಟಿದ್ದೇವೆ. ಚಿಂಕಾರ ಇರುವ ಜಾಗದಲ್ಲಿ ಅದು ಒಂದು ದಿನದಲ್ಲಿ ಸೆರೆಯಾಗುವ ಸಾಧ್ಯತೆ ನೂರಕ್ಕೆ 30. ಹಾಗಿದ್ದರೆ ಐದು ದಿನವೂ ಅದು ತಪ್ಪಿಸಿಕೊಳ್ಳುವ ಸಾಧ್ಯತೆ ನೂರಕ್ಕೆ ಸುಮಾರು 17. ಚಿತ್ರ ಸಿಕ್ಕಿದ್ದು 20 ಕಡೆಯಾದರೆ, ನಿಜದ ನೆಲೆಗಳು ಹೆಚ್ಚುಕಡಿಮೆ 24. ಆ 30 ಕೂಡ ಯಾರೋ ಹೇಳಿದ್ದಲ್ಲ. ಒಂದೇ ಜಾಗದಲ್ಲಿ ಸಿಕ್ಕ ದಿನ, ಸಿಗದ ದಿನಗಳಿಂದ ಮಾದರಿಯೇ ಅದನ್ನು ಹೆಕ್ಕುತ್ತದೆ. ಖಾಲಿ ಚಿತ್ರಗಳೂ ದತ್ತಾಂಶವೇ. ‘ಇಲ್ಲೇನೂ ಇಲ್ಲ’ ಎಂಬ ಮಾತಿಗೆ ಬಯಲು ನೆಲ ಬಲುಬೇಗ ಬಲಿಯಾಗುವುದರಿಂದ, ಈ ತಿದ್ದುಪಡಿ ದಟ್ಟ ಕಾಡಿಗಿಂತ ಇಲ್ಲಿಯೇ ಹೆಚ್ಚು ಬೇಕು ಎಂದು ನನಗನ್ನಿಸುತ್ತದೆ.

ಕುರಿ ಹಿಂಡು, ಊರಿನ ದೂರ, ಬೀಡಾಡಿ ನಾಯಿ—ಇವನ್ನೂ ಲೆಕ್ಕಕ್ಕೆ ಸೇರಿಸಬಹುದು. ನಾಯಿಗಳು ಹೆಚ್ಚಿರುವ ಕಡೆ ಚಿಂಕಾರ ನೆಲೆಯನ್ನೇ ಬಿಟ್ಟಿದೆಯೋ, ಬರೀ ಹೊತ್ತು ಬದಲಿಸಿದೆಯೋ ಎಂಬುದನ್ನು ಚಿತ್ರಗಳ ಮೇಲಿನ ಗಂಟೆ-ನಿಮಿಷಗಳ ನೆರವಿನಿಂದ ಬೇರ್ಪಡಿಸಬಹುದು. ಬೇಲಿಗೆ ಹಣ ಹಾಕಬೇಕೋ, ನಾಯಿಗಳ ಸಂತಾನ ನಿಯಂತ್ರಣಕ್ಕೋ ಎಂಬ ತೀರ್ಮಾನ ಆಮೇಲಿನದು.