ವಿಮಾನಕ್ಕೂ ಬ್ರೇಕ್ ಇದೆ

ಕಳೆದ ಮಳೆಗಾಲದಲ್ಲಿ ನಾನು ಜೊಯಿಡಾ ರಸ್ತೆಯ ಇಳಿಜಾರಿನಲ್ಲಿ ಸೈಕಲ್ ಬ್ರೇಕ್ ಗಟ್ಟಿ ಹಿಡಿದು ಬಿದ್ದದ್ದು ನಿಮಗೆಲ್ಲ ಗೊತ್ತೇ ಇದೆ. (ನಕ್ಕವರೂ ಇದ್ದಾರೆ!) ಗಾಲಿ ನಿಂತಿತು, ಸೈಕಲ್ ನಿಲ್ಲಲಿಲ್ಲ, ಜಾರಿಕೊಂಡು ಹೋಯ್ತು. "ವಿಮಾನ ಇಳಿಸುವವರಿಗೂ ಇದೇ ಕಷ್ಟ" ಅಂದ್ರು ನಮ್ಮ ವಿಜ್ಞಾನದ ಸರ್. ವಿಮಾನಕ್ಕೆ ಬ್ರೇಕ್ ಇರುತ್ತದೆ ಅಂತ ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ.

ಸೆಸ್ನಾದಂಥ ಚಿಕ್ಕ ವಿಮಾನದಲ್ಲಿ ಪೈಲಟ್‌ನ ಕಾಲ ಬಳಿ ಎರಡು ಪೆಡಲ್ ಇರುತ್ತವೆ. ಪೆಡಲನ್ನು ಮುಂದೆ ನೂಕಿದರೆ ಬಾಲದ ಚುಕ್ಕಾಣಿ ತಿರುಗುತ್ತದೆ. ಅದರ ಮೇಲ್ತುದಿಯನ್ನು ಪಾದದ ಮುಂಭಾಗದಿಂದ ಒತ್ತಿದರೆ ಬ್ರೇಕ್. ಎಡ ಪೆಡಲ್ ಎಡ ಗಾಲಿಗೆ, ಬಲದ್ದು ಬಲ ಗಾಲಿಗೆ. ಒಂದೇ ಕಡೆ ಜಾಸ್ತಿ ಒತ್ತಿದರೆ ವಿಮಾನ ಆ ಕಡೆ ತಿರುಗಿ ರನ್‌ವೇ ಬಿಟ್ಟು ಹುಲ್ಲಿಗೆ ಹೋಗ್ತದೆ. ನೆಲ ಮುಟ್ಟುವಾಗಲೇ ಕಾಲು ಬ್ರೇಕಿನ ಮೇಲಿದ್ದರೆ ಗಾಲಿ ತಿರುಗದೆ ಉಜ್ಜಿ ಟೈರ್ ಒಡೆಯಬಹುದು.

ಇನ್ನೊಂದು ಮಜಾ ಇದೆ. ನೆಲ ಮುಟ್ಟಿದ ಕೂಡಲೆ ವಿಮಾನದ ಭಾರವೆಲ್ಲ ಗಾಲಿಯ ಮೇಲೆ ಬೀಳುವುದಿಲ್ಲ. ವೇಗ ಇರುವ ತನಕ ರೆಕ್ಕೆಗಳು ಅದನ್ನು ಸ್ವಲ್ಪ ಎತ್ತಿ ಹಿಡಿದೇ ಇರುತ್ತವೆ. ಭಾರ ಇಲ್ಲದ ಗಾಲಿಗೆ ಹಿಡಿತ ಇಲ್ಲ. ಆಗ ಜೋರಾಗಿ ಬ್ರೇಕ್ ಒತ್ತಿದರೆ ಜಾರುತ್ತದೆ. ನೀರು ನಿಂತಿದ್ದರಂತೂ ಕೇಳುವುದೇ ಬೇಡ. ದೊಡ್ಡ ವಿಮಾನದಲ್ಲಿ ಗಾಲಿ ಜಾರದಂತೆ ತಡೆಯುವ ಯಂತ್ರ ಇರುತ್ತದೆ, ಇಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿಯೂ ನಿಲ್ಲಿಸುತ್ತಾರೆ. ಆದ್ದರಿಂದ ಅವರು ಕೂಡಲೇ ಪೂರ್ತಿ ಬ್ರೇಕ್ ಒತ್ತಬಹುದು.

ಹಾಗಿದ್ದರೂ ನಮ್ಮ ಮಂಗಳೂರಿನ ಬಜ್ಪೆಯಲ್ಲಿ ದೊಡ್ಡ ಅಪಘಾತ ಆಯ್ತು. ಅಲ್ಲಿ ರನ್‌ವೇ ಗುಡ್ಡದ ಮೇಲಿದೆ, ಆಚೆ ಕಣಿವೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ 2,450 ಮೀಟರ್ ರನ್‌ವೇಯಲ್ಲಿ ಸುಮಾರು 1,600 ಮೀಟರ್ ದಾಟಿದ ಮೇಲೆ ನೆಲ ಮುಟ್ಟಿತು. ಮತ್ತೆ ಮೇಲೇರೋಣ ಅಂತ ಸಹಪೈಲಟ್ ಮೊದಲೇ ಹೇಳಿದ್ದರು. ಹಿರಿಯ ಪೈಲಟ್ ಕೇಳದೆ ಇಳಿಸಿದರು, ಬ್ರೇಕ್ ಹಾಕಿದರು, ಆಮೇಲೆ ಮನಸ್ಸು ಬದಲಿಸಿ ಹಾರಿಸಲು ನೋಡಿದರು. ವಿಮಾನ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, 8 ಮಂದಿ ಬದುಕಿದರು. ನೆಲ ಮುಟ್ಟಿದ ಕೂಡಲೆ ಪೂರ್ತಿ ಬ್ರೇಕ್ ಒತ್ತಿ ಹಾಗೇ ಹಿಡಿದಿದ್ದರೆ ರನ್‌ವೇಯಲ್ಲೇ ನಿಲ್ಲುತ್ತಿತ್ತು ಅಂತ ತನಿಖೆಯವರು ಬರೆದಿದ್ದಾರೆ.

ಅಷ್ಟು ಅನುಭವ ಇದ್ದವರು ಯಾಕೆ ಹೀಗೆ ಮಾಡಿದರು ಅಂತ ಸರ್‌ಗೆ ಕೇಳಿದೆ. ದಾರಿಯಲ್ಲಿ ಅವರು ಒಂದೂವರೆ ತಾಸಿಗಿಂತ ಹೆಚ್ಚು ನಿದ್ದೆ ಮಾಡಿ, ಇಳಿಯುವ ಸ್ವಲ್ಪ ಮೊದಲು ಎದ್ದಿದ್ದರಂತೆ. ಅವ್ವ ಎಬ್ಬಿಸಿದ ಕೂಡಲೆ ನಾನು ಕೆಲವು ಸಲ ಎಡ ಚಪ್ಪಲಿ ಬಲಕ್ಕೆ ಹಾಕುತ್ತೇನೆ.